ತೇಲುವ ಗಿಡಗಳ ಎಲೆಯ ಮೇಲೆ ನೀರು ಬೀಳುತ್ತಿದೆಯಾ, ಮೊದಲು ನೋಡಿ

ಮೀನಿನ ಟ್ಯಾಂಕಿನಲ್ಲಿ ತೇಲಿಬಿಡುವ ಅಂತರಗಂಗೆ, ಸಾಲ್ವೀನಿಯಾ ಗಿಡಗಳೆರಡೂ ತಂದ ಎರಡೇ ವಾರಕ್ಕೆ ಕಂದಾಗಿ ಕೊಳೆಯುತ್ತಿವೆ, ಇನ್ನೂ ದೊಡ್ಡ ಲೈಟು ಹಾಕಲೇ ಎಂದು ಕೇಳಿದ್ದೀರಿ. ಈಗಲೇ ಲೈಟಿಗೆ ದುಡ್ಡು ಸುರಿಯಬೇಡಿ. ಟ್ಯಾಂಕಿಗೆ ಗಾಜಿನ ಮುಚ್ಚಳ ಇದೆಯಾ? ಫಿಲ್ಟರಿನ ನೀರು ಎಲ್ಲಿ ಬೀಳುತ್ತದೆ?

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಎರಡಡಿ ಟ್ಯಾಂಕು, ಒಂದಷ್ಟು ಗಪ್ಪಿ ಮೀನುಗಳು. ಕ್ರಾಫರ್ಡ್ ಮಾರ್ಕೆಟ್ಟಿನಿಂದ ಆಸೆಪಟ್ಟು ತಂದ ಅಂತರಗಂಗೆ ಮೊದಲ ಮಳೆಗಾಲದಲ್ಲೇ ಹಾಳಾಯಿತು. ಮೋಡ ಕವಿದಿದೆ, ಬೆಳಕು ಸಾಲುತ್ತಿಲ್ಲ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಮುಚ್ಚಳ ಎತ್ತಿ ನೋಡಿದರೆ ಅದರ ಒಳಮೈ ತುಂಬಾ ಹನಿ. ರಾತ್ರಿಯಿಡೀ ಅವು ಎಲೆಗಳ ಮೇಲೇ ತೊಟ್ಟಿಕ್ಕಿದ್ದವು. ಗಿಡದ ನಡುವೆ, ಹೊಸ ಎಲೆ ಹುಟ್ಟುವ ಕುಳಿಯಲ್ಲಿ ನೀರು ನಿಂತಿತ್ತು. ಕೊಳೆ ಶುರುವಾಗಿದ್ದೂ ಅಲ್ಲಿಂದಲೇ.

ಈ ಗಿಡಗಳು ಕಾರ್ಬನ್ ಡೈಆಕ್ಸೈಡನ್ನು ಗಾಳಿಯಿಂದ ತೆಗೆದುಕೊಳ್ಳುತ್ತವೆ. ಹಾಗಾಗಿ ಇವಕ್ಕೆ ಅದನ್ನು ನೀರಿಗೆ ಬಿಡುವ ಸಿಲಿಂಡರ್, ಕಿಟ್ ಏನೂ ಬೇಡ. ಆದರೆ ಎಲೆಯ ಮೇಲ್ಮೈ ಒಣಗಿರಲೇಬೇಕು. ಸಾಲ್ವೀನಿಯಾ ಎಲೆ ಹತ್ತಿರದಿಂದ ನೋಡಿ, ಸಣ್ಣ ಸಣ್ಣ ರೋಮಗಳಿರುತ್ತವೆ, ಹನಿ ಬಿದ್ದರೆ ಜಾರಿಹೋಗುತ್ತದೆ. ಎಷ್ಟು ಚೆಂದದ ಏರ್ಪಾಟು, ಅಲ್ವಾ? ಆದರೂ ಫಿಲ್ಟರಿನ ಧಾರೆ ಹಗಲು ರಾತ್ರಿ ಗಿಡವನ್ನು ಮುಳುಗಿಸುತ್ತಿದ್ದರೆ ಅದೂ ತಡೆಯುವುದಿಲ್ಲ.

ಮುಚ್ಚಳವನ್ನು ಎರಡು ಬೆರಳಷ್ಟು ಸರಿಸಿಡಿ, ಹಬೆ ಹೊರಗೆ ಹೋಗಲಿ. ಮೀನು ಹಾರುವ ಜಾತಿಯದಾದರೆ ಆ ಸಂದಿಗೆ ನೆಟ್ ಹಾಕಿ. ಫಿಲ್ಟರಿನ ರಭಸ ತಗ್ಗಿಸಿ. ತಗ್ಗಿಸಲು ಆಗದಿದ್ದರೆ ಏರ್ ಪಂಪಿನ ಪ್ಲಾಸ್ಟಿಕ್ ಪೈಪನ್ನು ಒಂದಡಿ ಕತ್ತರಿಸಿ, ಎರಡು ತುದಿ ಸೇರಿಸಿ ಬಳೆ ಮಾಡಿ, ನೀರಿನ ಮೇಲೆ ತೇಲಿಬಿಡಿ. ಗಿಡಗಳು ಅದರೊಳಗೆ ಅಲುಗದೆ ನಿಲ್ಲುತ್ತವೆ. ಸುಮ್ನೆ ಹೇಳುತ್ತಿಲ್ಲ, ನನ್ನ ಟ್ಯಾಂಕಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಈ ಬಳೆಯೇ.

ಲೈಟು ದಿನಕ್ಕೆ 7–8 ಗಂಟೆ ಸಾಕು.

ಇನ್ನೊಂದು ಕಾರಣ ಹಸಿವು. ಇವು ಬೇಗ ಬೆಳೆಯುವ ಗಿಡಗಳು, ಊಟವೆಲ್ಲ ನೀರಿನಿಂದಲೇ. ಮೀನು ಕಡಿಮೆ ಇದ್ದರೆ ಅವುಗಳ ಹೊಲಸಿನಿಂದ ಹುಟ್ಟಿ ಗಿಡಕ್ಕೆ ಗೊಬ್ಬರವಾಗುವ ನೈಟ್ರೇಟ್ ನೀರಿನಲ್ಲಿ ಉಳಿಯುವುದೇ ಇಲ್ಲ, ಹಳೆಯ ಎಲೆಗಳು ಹಳದಿಯಾಗುತ್ತವೆ. ಹೊಸ ಎಲೆಯೇ ಬಿಳಿಚಿಕೊಂಡರೆ ಹೆಚ್ಚಾಗಿ ಕಬ್ಬಿಣದ ಕೊರತೆ. ಅಕ್ವೇರಿಯಂ ಗಿಡಗಳಿಗೆಂದೇ ಸಿಗುವ ದ್ರವ ಗೊಬ್ಬರವನ್ನು ಬಾಟಲಿಯಲ್ಲಿ ಹೇಳಿದ್ದರ ಅರ್ಧದಿಂದ ಶುರುಮಾಡಿ.

ಚೇತರಿಸಿಕೊಂಡ ಮೇಲೆ ತೊಂದರೆ ಉಲ್ಟಾ ಆಗುತ್ತದೆ, ನೀರೆಲ್ಲ ಮುಚ್ಚಿಕೊಳ್ಳುತ್ತವೆ. ಅರ್ಧ ನೀರಾದರೂ ತೆರೆದಿರಲಿ, ಇಲ್ಲದಿದ್ದರೆ ಕೆಳಗಿನ ಗಿಡಗಳಿಗೆ ಬೆಳಕಿಲ್ಲ. ನಾನು ಭಾನುವಾರ ಒಂದು ಹಿಡಿ ತೆಗೆದು ತುಳಸಿ ಕುಂಡಕ್ಕೆ ಹಾಕುತ್ತೇನೆ. ದಯವಿಟ್ಟು ನಾಲೆಗೋ ಕೆರೆಗೋ ಎಸೆಯಬೇಡಿ. ಮುಂಬೈಯ ಪವಾಯಿ ಕೆರೆಯಲ್ಲಿ ಜಲಪರ್ಣಿ (ವಾಟರ್ ಹಯಸಿಂತ್) ಹಬ್ಬಿ ಪಾಲಿಕೆಯವರು ಯಂತ್ರ ಇಳಿಸಿ ತೆಗೆಸುವುದನ್ನು ನೋಡಿದರೆ ಸಂಕಟವಾಗುತ್ತದೆ. ಅದೂ ಹೊರಗಿನಿಂದ ಬಂದ ತೇಲುವ ಗಿಡವೇ.

ಇವತ್ತು ಕಂದಾದ ಎಲೆಗಳನ್ನೆಲ್ಲ ಕಿತ್ತುಹಾಕಿ. ನಡುವೆ ಹಸಿರು ಉಳಿದಿರುವ ಎರಡು ಮೂರು ಗಿಡಗಳಿದ್ದರೂ ಸಾಕು, ಬಳೆಯೊಳಗೆ ಬಿಡಿ. ಹಳೆಯ ಎಲೆ ಇನ್ನೂ ಒಂದೆರಡು ಹೋಗಬಹುದು, ಗಾಬರಿಯಾಗಬೇಡಿ. ಹತ್ತು ದಿನ ಬಿಟ್ಟು ಹೊಸ ಎಲೆ ಹೇಗಿದೆ ತಿಳಿಸಿ.