ಮೈಮೇಲೆ ದದ್ದು ಬರುತ್ತಿದೆ, ತಿಗಣೆ ಇರಬಹುದಾ? ಹಾಸಿಗೆ ಬಿಸಾಡಬೇಕಾ?

ಎರಡು ವಾರದಿಂದ ಬೆಳಗ್ಗೆ ಎದ್ದರೆ ಕೈ ತುಂಬ ದದ್ದು, ಹಾಸಿಗೆ ಬಿಸಾಡಿ ಸೋಫಾದ ಮೇಲೆ ಮಲಗಲಾ ಅಂತ ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ. ನಾನು ಹಾಗೆ ಜಾಗ ಬದಲಿಸಿದ್ದೆ. ಕೆಲವೇ ದಿನಗಳಲ್ಲಿ ಸೋಫಾದಲ್ಲೂ ತಿಗಣೆ ಸಿಕ್ಕಿತು. ನಮ್ಮ ಉಸಿರು, ಮೈಶಾಖದ ಜಾಡು ಹಿಡಿದು ಅವು ಬರುತ್ತವೆ.

ಮೊದಲು ತಿಗಣೆಯೇ ಹೌದಾ ನೋಡಿ. ದದ್ದು ನೋಡಿ ತೀರ್ಮಾನಿಸಬೇಡಿ. ಒಂದೇ ಮಂಚದಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ಏನೂ ಏಳದಿರಬಹುದು, ಇನ್ನೊಬ್ಬರಿಗೆ ಕಚ್ಚಿ ಎಷ್ಟೋ ದಿನದ ಮೇಲೆ ತುರಿಕೆ ಶುರುವಾಗಬಹುದು. ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆ, ಮಂಚದ ಕೀಲು, ಸ್ಕ್ರೂ ತೂತು, ತಲೆಕಡೆಯ ಹಲಗೆಯ ಹಿಂಭಾಗ ನೋಡಿ. ಶಾಯಿ ಚುಕ್ಕೆಯಂಥ ಕಪ್ಪು ಕಲೆ ಅವುಗಳ ಹಿಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಂದಾಗಿ ಹರಡುತ್ತದೆ. ಕಳಚಿದ ಪೊರೆಗಳೂ ಸಿಗುತ್ತವೆ. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್, ಸೇಬಿನ ಬೀಜದಷ್ಟು. ಮೊಟ್ಟೆ 1 ಮಿಲಿಮೀಟರ್, ಬಿಳಿ.

ಸಿಕ್ಕರೆ ಗಾಬರಿ ಬೇಡ, ನಾಚಿಕೆಯಂತೂ ಬೇಡವೇ ಬೇಡ. ಮನೆ ಎಷ್ಟೇ ಚೊಕ್ಕಟವಾಗಿದ್ದರೂ ಸಾಮಾನಿನ ಜೊತೆ ಬಂದುಬಿಡುತ್ತವೆ. ಅವುಗಳಿಂದ ರೋಗ ಹರಡಿದ್ದು ಕಂಡುಬಂದಿಲ್ಲ.

ನನ್ನ ಅನುಭವದಲ್ಲಿ ಕೆಲಸ ಮಾಡಿದ್ದು ಬಿಸಿ. ಬೆಡ್‌ಶೀಟ್, ದಿಂಬಿನ ಕವರ್, ಬಟ್ಟೆಗಳನ್ನು ಅಲ್ಲೇ ಚೀಲಕ್ಕೆ ತುಂಬಿ ಕಟ್ಟಿ, ಆಮೇಲೆ ಒಯ್ಯಿರಿ. 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಡ್ರೈಯರ್ ಇದ್ದರೆ ಜಾಸ್ತಿ ಬಿಸಿಯಲ್ಲಿ 30 ನಿಮಿಷ ಹಾಕಿ. ಹೊಲಿಗೆ, ಸಂದುಗಳಿಗೆ ಸ್ಟೀಮರ್‌ನಿಂದ ನಿಧಾನವಾಗಿ ಹಬೆ ಹಿಡಿಯಿರಿ. ಹಾಸಿಗೆಯನ್ನು ಸುಮ್ನೆ ಬಿಸಿಲಿಗೆ ಹಾಕಿದರೆ ಸಾಲದು, ಒಳಗೆ ಅಷ್ಟು ಕಾಯುವುದಿಲ್ಲ. ಅದಕ್ಕೆ ಜಿಪ್ ಇರುವ ಕವರ್ ಹಾಕಿ ಒಂದು ವರ್ಷ ತೆಗೆಯಬೇಡಿ. ಊಟವಿಲ್ಲದೆ ಅವು ತಿಂಗಳುಗಟ್ಟಲೆ ಬದುಕುತ್ತವೆ. ಮಂಚವನ್ನು ಗೋಡೆಯಿಂದ ದೂರ ಎಳೆಯಿರಿ, ಹೊದಿಕೆ ನೆಲಕ್ಕೆ ತಾಗದಿರಲಿ.

ಹೊಗೆಯಂತೆ ಕೋಣೆ ತುಂಬುವ ಸ್ಪ್ರೇಗಳು ಸಂದಿಯೊಳಗೆ ಇಳಿಯುವುದಿಲ್ಲ. ಸೀಮೆಎಣ್ಣೆ ಅಂತೂ ಬೆಂಕಿಗೆ ದಾರಿ, ಮುಟ್ಟಬೇಡಿ. ಎಲ್ಲ ಕಡೆ ಹರಡಿದ್ದರೆ ಕೀಟ ನಿಯಂತ್ರಣದವರನ್ನು ಕರೆಯಿರಿ. ಎರಡು ವಾರ ಬಿಟ್ಟು ಮತ್ತೊಮ್ಮೆ ಬರುತ್ತಾರಾ ಅಂತ ಕೇಳಿಕೊಳ್ಳಿ. ಔಷಧಿಗೆ ಮೊಟ್ಟೆ ಸಾಯದೆ ಉಳಿಯಬಹುದು, ಅಲ್ವಾ?

ಮುಂದಿನ ವಾರ ಪ್ರಯಾಣ ಇದೆ ಅಂದಿದ್ದೀರಿ. ಹೊರಡುವ ಬಟ್ಟೆಗಳಿಗೂ ಮೊದಲು ಬಿಸಿ ತೋರಿಸಿ, ತಿಗಣೆ ಇಲ್ಲಿಂದ ಬೇರೆಯವರ ಮನೆಗೆ ಹೋಗಬಾರದು. ಹೋಟೆಲ್ ಕೋಣೆಗೆ ಕಾಲಿಟ್ಟ ಕೂಡಲೇ ಸೂಟ್‌ಕೇಸನ್ನು ಬಾತ್‌ರೂಮಿನಲ್ಲಿಟ್ಟು, ಹಾಸಿಗೆಯ ನಾಲ್ಕೂ ಮೂಲೆ ಎತ್ತಿ ನೋಡಿ. ಕಪ್ಪು ಚುಕ್ಕೆ ಕಂಡರೆ ಬೇರೆ ಕೋಣೆ ಕೇಳಿ, ಪಕ್ಕದ್ದು ಮಾತ್ರ ಬೇಡ.