ಮಕ್ಕಳ ತಪ್ಪು ಎಲ್ಲಿಂದ ಬಂತೆಂದು ಮೊದಲು ಕೇಳಬೇಕು

ಪ್ರಶ್ನೆ: ನಾನು ಕಾರವಾರದ ಸಮೀಪದ ಕನ್ನಡ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ತರಗತಿಯಲ್ಲಿ ಕೊಂಕಣಿ ಮನೆಮಾತಿನ ಮಕ್ಕಳೇ ಹೆಚ್ಚು. ನೌಕಾನೆಲೆಯ ಕೆಲಸಕ್ಕೆ ಬಂದ ಹಿಂದಿ ಕುಟುಂಬಗಳ ಮಕ್ಕಳೂ ಕೆಲವರಿದ್ದಾರೆ. ಇವರ ಕನ್ನಡದಲ್ಲಿ ಕೆಲವು ತಪ್ಪುಗಳು ಮತ್ತೆ ಮತ್ತೆ ಬರುತ್ತವೆ. ತಪ್ಪಿದಾಗಲೆಲ್ಲ ತಿದ್ದಿ ಹತ್ತು ಸಲ ಹೇಳಿಸಿ ಎನ್ನುತ್ತಾರೆ ಹಿರಿಯ ಮಾಸ್ತರರು. ಸಾಕಷ್ಟು ಕನ್ನಡ ಕಿವಿಗೆ ಬಿದ್ದರೆ ತಾನಾಗಿ ಬರುತ್ತದೆ ಎಂದು ತರಬೇತಿಯಲ್ಲಿ ಹೇಳಿದರು. ಯಾವುದು ಸರಿ? ಮನೆಯಲ್ಲಿ ಕೊಂಕಣಿ ಬಿಟ್ಟು ಕನ್ನಡವನ್ನೇ ಆಡಿ ಎಂದು ಪಾಲಕರಿಗೆ ಹೇಳಬೇಕೆ?

ಉತ್ತರ: ನಿಮಗೆ ಸಿಕ್ಕಿರುವ ಎರಡು ಸಲಹೆಗಳ ಹಿಂದೆ, ಭಾಷೆ ಎಂದರೇನು ಎಂಬುದರ ಬಗೆಗಿನ ಎರಡು ಬೇರೆ ಬೇರೆ ಕಲ್ಪನೆಗಳಿವೆ. ಭಾಷೆಯು ಅಭ್ಯಾಸಬಲದಿಂದ ಬರುವ ನಡವಳಿಕೆ ಎಂದು ಬಗೆದವರಿಗೆ ತಪ್ಪು ಒಂದು ಕೆಟ್ಟ ಅಭ್ಯಾಸ. ಅದನ್ನು ಕೂಡಲೇ ತಿದ್ದಿ, ಸರಿಯಾದ ರೂಪವನ್ನು ಬಾಯಿಪಾಠ ಮಾಡಿಸುವುದೇ ದಾರಿ. 1957ರಲ್ಲಿ ಮನೋವಿಜ್ಞಾನಿ ಸ್ಕಿನ್ನರ್ ಈ ಕಲ್ಪನೆಯನ್ನು ಒಂದು ಗ್ರಂಥದಲ್ಲಿ ವಿಸ್ತಾರವಾಗಿ ಮಂಡಿಸಿದರು. ಅದೇ ವರ್ಷ ಭಾಷಾವಿಜ್ಞಾನಿ ರಾಬರ್ಟ್ ಲಾಡೊ, ಮನೆಮಾತು ಮತ್ತು ಕಲಿಯುವ ಭಾಷೆ ಎರಡನ್ನೂ ಹೋಲಿಸಿ ನೋಡಿದರೆ ಕಷ್ಟ ಎಲ್ಲಿ ಬರುತ್ತದೆಂದು ಮೊದಲೇ ಊಹಿಸಬಹುದು ಎಂದರು.

ನಿಮ್ಮ ತರಗತಿಯಲ್ಲಿ ಇದನ್ನು ಪರೀಕ್ಷಿಸಿ ನೋಡಿ. ಹಿಂದಿಯ ಮಗು ‘ಇದು ನನ್ನ ಚೀಲ ಇಲ್ಲ’ ಎನ್ನುವುದನ್ನು ನೀವು ಕೇಳಿರುತ್ತೀರಿ. ನಾವು ‘ಅಲ್ಲ’ ಎನ್ನುವಲ್ಲಿಯೂ ‘ಇಲ್ಲ’ ಎನ್ನುವಲ್ಲಿಯೂ ಹಿಂದಿಯಲ್ಲಿ ‘ನಹೀಂ’ ಒಂದೇ ಸಾಕಾಗುತ್ತದೆ. ಕೊಂಕಣಿಯ ಮಗು ಇಲ್ಲಿ ಎಡವುವ ಕಾರಣವಿಲ್ಲ, ಏಕೆಂದರೆ ‘ನ್ಹಯ್’ ಮತ್ತು ‘ನಾ’ ಎಂಬ ಇದೇ ಭೇದ ಅದರ ಮನೆಮಾತಿನಲ್ಲಿಯೂ ಇದೆ. ಇಷ್ಟರ ಮಟ್ಟಿಗೆ ಲಾಡೊ ಹೇಳಿದ್ದು ಸರಿಹೊಂದುತ್ತದೆ. ಆದರೆ ಮಗು ‘ಅವನು ನನಗೆ ಪೆನ್ಸಿಲ್ ಕೊಡಿದನು’ ಎಂದರೆ ಅದನ್ನು ಹೇಗೆ ವಿವರಿಸುವುದು? ಈ ರೂಪ ಹಿಂದಿಯಿಂದಲೋ ಕೊಂಕಣಿಯಿಂದಲೋ ಬಂದದ್ದಲ್ಲ; ದೊಡ್ಡವರ ಬಾಯಲ್ಲಿ ಕೇಳಿ ಅನುಕರಿಸಿದ್ದೂ ಅಲ್ಲ. ನೋಡಿದನು, ಹಾಡಿದನು, ಓಡಿದನು ಎಂಬ ಮಾತುಗಳನ್ನು ಕೇಳಿದ ಮಗು ಅವುಗಳೊಳಗಿನ ನಿಯಮವನ್ನು ತಾನೇ ಹೆಕ್ಕಿ ‘ಕೊಡು’ ಎಂಬುದಕ್ಕೂ ಅನ್ವಯಿಸಿದೆ. ಕನ್ನಡವೇ ಮನೆಮಾತಾದ ಪುಟ್ಟ ಮಕ್ಕಳೂ ಹೀಗೆ ರೂಪಗಳನ್ನು ಕಟ್ಟುತ್ತಾರೆ. ಕೇಳಿದ್ದನ್ನು ಮರಳಿ ಹೇಳುವುದಷ್ಟೇ ಕಲಿಕೆ ಎಂಬ ಕಲ್ಪನೆ ಇಂಥಲ್ಲಿ ನಿಲ್ಲುವುದಿಲ್ಲ. ಸ್ಕಿನ್ನರ್ ಅವರ ಗ್ರಂಥವನ್ನು 1959ರಲ್ಲಿ ವಿಮರ್ಶಿಸಿದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ, ಮನಸ್ಸಿನೊಳಗೆ ನಿಯಮ ಕಟ್ಟುವ ಈ ಶಕ್ತಿಯ ಕಡೆಗೇ ಬೆರಳು ತೋರಿದರು. ಪಿಟ್ ಕಾರ್ಡರ್ 1967ರಲ್ಲಿ, ಕಲಿಯುವವನ ತಪ್ಪು ಅವನು ಎಲ್ಲಿಗೆ ತಲುಪಿದ್ದಾನೆ ಎಂಬುದರ ಸಾಕ್ಷ್ಯ ಎಂದರು. 1972ರಲ್ಲಿ ಲ್ಯಾರಿ ಸೆಲಿಂಕರ್, ಮನೆಮಾತಿಗೂ ಕಲಿಯುವ ಭಾಷೆಗೂ ನಡುವೆ ಕಲಿಯುವವನು ತನ್ನದೇ ನಿಯಮಗಳಿರುವ ಒಂದು ಅಂತರಭಾಷೆಯನ್ನು ಕಟ್ಟಿಕೊಳ್ಳುತ್ತಾನೆ ಎಂದು ಪ್ರತಿಪಾದಿಸಿದರು.

ಆದ್ದರಿಂದ ಈ ಎರಡು ತಪ್ಪುಗಳನ್ನು ಒಂದೇ ರೀತಿ ತಿದ್ದುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಅಲ್ಲ–ಇಲ್ಲ ಭೇದ ಹಿಂದಿಯ ಮಗುವಿನ ಗಮನಕ್ಕೇ ಬಾರದಿರಬಹುದು. ಆದ್ದರಿಂದ ‘ಇದು ಚೀಲ ಅಲ್ಲ’, ‘ಇಲ್ಲಿ ಚೀಲ ಇಲ್ಲ’ ಎಂದು ವಸ್ತುವನ್ನು ಮುಂದಿಟ್ಟೇ ತೋರಿಸಿಕೊಡಿ. ‘ಕೊಡಿದನು’ ಎಂದ ಮಗುವಿಗಾದರೋ ‘ಹೌದೆ, ಪೆನ್ಸಿಲ್ ಕೊಟ್ಟನೆ? ಯಾವಾಗ ಕೊಟ್ಟ?’ ಎಂದು ಮಾತನ್ನು ಮುಂದುವರಿಸಿದರೆ ಸಾಕು. ಹತ್ತು ಸಲ ಹೇಳಿಸಿದರೆ ಆ ಒಂದು ರೂಪ ನಾಲಿಗೆಗೆ ಬಂದೀತು, ಆದರೆ ‘ಇಡಿದನು’ ಎನ್ನುವುದು ನಿಲ್ಲಲಾರದು.

ತರಬೇತಿಯಲ್ಲಿ ನೀವು ಕೇಳಿದ್ದು ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ ಅವರ ವಿಚಾರದ ಸರಳ ರೂಪ. ಬರಿದೇ ಕೇಳಿಸಿದರೆ ಸಾಕೆಂದು ಅವರೂ ಹೇಳಲಿಲ್ಲ. ಕೇಳುವ ಮಾತು ಅರ್ಥವಾಗುವಂತಿರಬೇಕು, ಮಗು ಈಗಿರುವ ಮಟ್ಟಕ್ಕಿಂತ ಒಂದು ಮೆಟ್ಟಿಲು ಮಾತ್ರ ಮೇಲಿರಬೇಕು ಎಂದರು. ಈ ವಿಚಾರದ ಮಿತಿ ಕಂಡುಬಂದದ್ದು ಕೆನಡಾದಲ್ಲಿ. ಅಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಪಾಠಗಳನ್ನು ಫ್ರೆಂಚಿನಲ್ಲಿ ಕಲಿಸುವ ಶಾಲೆಗಳಲ್ಲಿ, ವರ್ಷಗಟ್ಟಲೆ ಕೇಳಿದ ಮಕ್ಕಳಿಗೆ ಫ್ರೆಂಚ್ ಚೆನ್ನಾಗಿ ಅರ್ಥವಾಗುತ್ತಿದ್ದರೂ ಮಾತಿನಲ್ಲಿ ವ್ಯಾಕರಣದ ತಪ್ಪುಗಳು ಉಳಿದಿದ್ದವು. ಕಲಿಯುವವನು ತಾನೇ ಮಾತು ಕಟ್ಟಬೇಕಾದ ಸಂದರ್ಭಗಳೂ ಬೇಕು ಎಂದು ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದ್ದು ಇದನ್ನು ನೋಡಿಯೇ. ನಮ್ಮ ಹತ್ತಿರದ ನಿದರ್ಶನವೂ ಒಂದಿದೆ: ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ, ‘ಬೆಂಗಳೂರು ಯೋಜನೆ’ ಎಂದೇ ಹೆಸರಾದ ಪ್ರಯೋಗ. ವ್ಯಾಕರಣದ ಪಾಠ ಮಾಡದೆ, ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಕೊಟ್ಟು ಶಾಲಾಮಕ್ಕಳನ್ನು ಇಂಗ್ಲಿಷಿನಲ್ಲಿ ಸಮಸ್ಯೆ ಬಿಡಿಸಲು ಹಚ್ಚುತ್ತಿದ್ದರು. ಕಾರವಾರ ಬಸ್ ನಿಲ್ದಾಣದ ವೇಳಾಪಟ್ಟಿ ಬರೆದುಕೊಂಡು, ಕುಮಟೆಗೆ ಹತ್ತು ಗಂಟೆಯೊಳಗೆ ಮುಟ್ಟಲು ಯಾವ ಬಸ್ಸು ಹಿಡಿಯಬೇಕೆಂದು ಮಕ್ಕಳಲ್ಲೇ ಚರ್ಚೆಗೆ ಬಿಡಿ. ಕೇಳುವುದು, ಆಡುವುದು ಎರಡೂ ಅದರಲ್ಲಿ ಬರುತ್ತವೆ.

ಕೊಂಕಣಿ ಬಿಡಿಸುವ ಮಾತನ್ನು ದಯವಿಟ್ಟು ಪಾಲಕರಿಗೆ ಹೇಳಬೇಡಿ. ತಾವೇ ತಡವರಿಸುವ ಭಾಷೆಯಲ್ಲಿ ತಾಯಿತಂದೆಯರು ಕಥೆ ಹೇಳಲಾರರು, ವಾದ ಮಾಡಲಾರರು. ಮಗುವಿಗೆ ಆಗ ಎರಡು ಭಾಷೆಗಳೂ ಅರೆಬರೆಯಾಗಿ ಸಿಗುತ್ತವೆ. ಅಲ್ಲದೆ ಕೊಂಕಣಿ ಇಲ್ಲಿ ಕನ್ನಡದ ಕಲಿಕೆಗೆ ನೆರವೇ ಆಗುತ್ತದೆ. ಕರ್ನಾಟಕದ ಸಾರಸ್ವತರ ಕೊಂಕಣಿಯನ್ನು ಅಧ್ಯಯನ ಮಾಡಿದ ಎಂ. ವಿ. ನಾಡಕರ್ಣಿ ಅವರು, ‘ಯಾರು ಬಂದರೋ ಅವರು’ ಎಂಬಂಥ ಕನ್ನಡದ ವಾಕ್ಯರಚನೆ ಆ ಕೊಂಕಣಿಯಲ್ಲಿ ಹೇಗೆ ನೆಲೆಯೂರಿದೆ ಎಂಬುದನ್ನು 1975ರಲ್ಲೇ ತೋರಿಸಿದ್ದಾರೆ.

ಪ್ರಶ್ನೆ: ನಾವು ಶಿರಸಿಯ ಹವ್ಯಕರು. ನಮ್ಮ ಸೊಸೆಯ ಮನೆಮಾತು ಮರಾಠಿ. ಅವಳಿಗೆ ಮೊದಲು ಪುಸ್ತಕದ ಕನ್ನಡ ಕಲಿಸುವುದೋ, ಮನೆಯ ಮಾತನ್ನೋ?

ಉತ್ತರ: ದಿನವಿಡೀ ಕಿವಿಗೆ ಬೀಳುವುದು ಮನೆಯ ಮಾತೇ ಆದ್ದರಿಂದ ಅದರಿಂದಲೇ ಆರಂಭಿಸಿ. ದೊಡ್ಡವರಾದ ಮೇಲೆ ಕಲಿತ ಭಾಷೆಯಲ್ಲಿ ಉಚ್ಚಾರಣೆ ಸಂಪೂರ್ಣ ಕೂಡುವುದು ಕಷ್ಟ, ಆದರೆ ವಿವರಿಸಿ ಹೇಳಿದ ನಿಯಮವನ್ನು ಅವರು ಮಕ್ಕಳಿಗಿಂತ ಬೇಗ ಗ್ರಹಿಸುತ್ತಾರೆ. ಆ ಶಕ್ತಿಯನ್ನು ಬಳಸಿಕೊಳ್ಳಿ. ‘ಆನು’ ಎಂಬುದು ಪೇಟೆಯಲ್ಲಿ ‘ನಾನು’ ಆಗುತ್ತದೆಂದೂ, ಹೆಂಗಸರನ್ನು ಮನೆಯಲ್ಲಿ ‘ಅದು ಬಂತು’ ಎಂದು ಹೇಳುವುದರಲ್ಲಿ ಅಗೌರವವಿಲ್ಲದಿದ್ದರೂ ಕಚೇರಿಯಲ್ಲಿ ‘ಅವರು ಬಂದರು’ ಎನ್ನಬೇಕೆಂದೂ ಮೊದಲ ವಾರದಲ್ಲೇ ತಿಳಿಸಿಬಿಡಿ.