ನುಂಗುವ ಸಂಕೇತವನ್ನು ಬೇರೆ ಗ್ರಾಹಕಕ್ಕೆ ಜೋಡಿಸಬಹುದೇ?

ಪ್ರಶ್ನೆ: ನಾನು ಗದಗಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ರೋಗಿಯ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳಿಗೆ ಕ್ಯಾನ್ಸರನ್ನು ಗುರುತಿಸುವ ಕೃತಕ ಗ್ರಾಹಕವನ್ನು (‘ಕಾರ್’) ಕೂಡಿಸುವ ಕಾರ್-ಟಿ ಚಿಕಿತ್ಸೆಯ ಪಾಠದ ವೇಳೆ ವಿದ್ಯಾರ್ಥಿನಿಯೊಬ್ಬಳು, ‘ಕ್ಯಾನ್ಸರ್ ಕೋಶವನ್ನು ನುಂಗಿಬಿಡುವಂತೆ ನಮ್ಮ ಕೋಶಗಳನ್ನು ಮಾರ್ಪಡಿಸಲಾಗದೇ?’ ಎಂದು ಕೇಳಿದಳು. ನನ್ನ ಅಕ್ಕ ಸ್ತನ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಪಡೆಯುತ್ತಿರುವುದರಿಂದ ಇದು ನನ್ನ ಪ್ರಶ್ನೆಯೂ ಹೌದು.

ಉತ್ತರ: ಸಾಧ್ಯವಿದೆ, ಪ್ರಯೋಗಾಲಯದಲ್ಲಿ ಅದನ್ನು ಮಾಡಿಯೂ ತೋರಿಸಲಾಗಿದೆ. ಕೋಶದ ಪೊರೆಯಲ್ಲಿ ನಾಟಿರುವ ಕಾರ್ ಗ್ರಾಹಕದ ಹೊರತುದಿ ಗುರಿಯನ್ನು ಗುರುತಿಸಿದರೆ ಒಳತುದಿ ಕೋಶಕ್ಕೆ ಏನು ಮಾಡಬೇಕೆಂದು ತಿಳಿಸುತ್ತದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳಲ್ಲಿ ಈ ಒಳತುದಿಯ ಜಾಗಕ್ಕೆ, ನುಂಗಲು ಪ್ರೇರೇಪಿಸುವ ಭಕ್ಷಕ ಗ್ರಾಹಕಗಳ ಸಂಕೇತ ಭಾಗಗಳನ್ನು ಕೂಡಿಸಿದರು. ಅವುಗಳಲ್ಲಿ ಒಂದು, ಪ್ರತಿಕಾಯದ ಬಾಲವನ್ನು ಹಿಡಿಯುವ ಎಫ್‌ಸಿ ಗ್ರಾಹಕದ ಗ್ಯಾಮಾ ಸರಪಳಿ. ಇನ್ನೊಂದು, ಮಿದುಳಿನ ಪೋಷಕ ಕೋಶಗಳು ಬೇಡವಾದ ನರಸಂಪರ್ಕಗಳನ್ನು ನುಂಗಲು ಬಳಸುವ ಮೆಗ್ಫ್10. ಗುರಿ ತಗುಲಿದೊಡನೆ ಈ ಭಾಗಗಳ ಟೈರೊಸಿನ್ ಎಂಬ ಅಮೈನೊ ಆಮ್ಲಗಳಿಗೆ ಫಾಸ್ಫೇಟ್ ಸೇರುತ್ತದೆ, ‘ಸಿಕ್’ ಎಂಬ ಕಿಣ್ವ ಅಲ್ಲಿಗೆ ಬರುತ್ತದೆ, ಕೋಶದೊಳಗಿನ ಆಕ್ಟಿನ್ ಪ್ರೋಟೀನಿನ ಎಳೆಗಳು ಪೊರೆಯನ್ನು ಗುರಿಯ ಸುತ್ತ ಚಾಚುತ್ತವೆ.

ನನಗೆ ಅತ್ಯಂತ ಮುಖ್ಯವೆನಿಸಿದ ಸಂಗತಿ ಬೇರೆಯೇ ಇದೆ. ಟಿ ಕೋಶದ್ದೇ ಆದ ಸಿಡಿ3 ಝೀಟಾ ಎಂಬ ಸಂಕೇತ ಭಾಗವನ್ನು ಮ್ಯಾಕ್ರೊಫೇಜಿನೊಳಗೆ ಇಟ್ಟಾಗಲೂ ಅದು ನುಂಗಿತು. ಹಾಗಾದರೆ ಸಂಕೇತ ಭಾಗವು ಕಿಡಿಯಷ್ಟೇ. ಒಲೆ ಹೂಡಿರಬೇಕಾದದ್ದು ಕೋಶದೊಳಗೆ. ನುಂಗುವುದು ಕಸುಬಾಗಿರುವ ಮ್ಯಾಕ್ರೊಫೇಜನ್ನೇ ಹಲವರು ಆರಿಸಿಕೊಳ್ಳುವುದು ಇದಕ್ಕಾಗಿ. ಆದರೂ ಈ ಕೋಶಗಳು ಬಹುಪಾಲು ಸಲ ರೊಟ್ಟಿಯ ಅಂಚು ಮುರಿದುಕೊಳ್ಳುವಂತೆ ಕ್ಯಾನ್ಸರ್ ಕೋಶದ ಚೂರುಗಳನ್ನಷ್ಟೇ ಕಿತ್ತು ತಿಂದವು. ಪಿಐ3-ಕೈನೇಸ್ ಕಿಣ್ವವನ್ನು ಕರೆತರುವ ತುಣುಕೊಂದನ್ನು ಗ್ಯಾಮಾ ಸರಪಳಿಗೆ ಜೋಡಿಸಿದಾಗ ಇಡಿಯಾಗಿ ನುಂಗುವುದು ಹೆಚ್ಚಿತು. ಮೇಲಾಗಿ ಗಡ್ಡೆಯ ಕೋಶಗಳು ಸಿಡಿ47 ಪ್ರೋಟೀನನ್ನು ಮುಂದೊಡ್ಡಿ ‘ನುಂಗಬೇಡ’ ಎಂದು ತಡೆಯುತ್ತಲೂ ಇರುತ್ತವೆ.

ನಿಮ್ಮ ಅಕ್ಕನವರ ವಿಷಯ. ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಹೊರಮೈಯಲ್ಲಿ ಹೆಚ್ಚಾಗಿರುವ ಹರ್2 ಪ್ರೋಟೀನನ್ನು ಗುರಿಯಾಗಿಸಿದ ಕಾರ್-ಮ್ಯಾಕ್ರೊಫೇಜ್‌ಗಳನ್ನು ಅಮೆರಿಕದಲ್ಲಿ ರೋಗಿಗಳ ಮೇಲೆ ಪರೀಕ್ಷಿಸಲಾಗಿದೆಯಾದರೂ ಅದು ಪ್ರಯೋಗವೇ ಹೊರತು ಚಿಕಿತ್ಸೆಯಾಗಿಲ್ಲ. ನಮ್ಮ ದೇಶದಲ್ಲಿ 2023ರಲ್ಲಿ ಅನುಮತಿ ಪಡೆದ ಕಾರ್-ಟಿ ಚಿಕಿತ್ಸೆಯೂ ರಕ್ತದ ಕೆಲವು ಕ್ಯಾನ್ಸರ್‌ಗಳಿಗೆ ಮಾತ್ರ. ಆದ್ದರಿಂದ ಇದಕ್ಕಾಗಿ ಕಾಯುತ್ತ ಈಗಿನ ಚಿಕಿತ್ಸೆಯನ್ನು ದಯವಿಟ್ಟು ತಡಮಾಡಬೇಡಿ. ಅವರ ಗಡ್ಡೆಯ ಹರ್2 ಪರೀಕ್ಷೆಯ ಫಲಿತಾಂಶವನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ. ಅದು ಪಾಸಿಟಿವ್ ಆಗಿದ್ದರೆ ಕೊಡುವ ಟ್ರಾಸ್ಟುಜುಮಾಬ್ ಔಷಧ ಕೂಡ ಒಂದು ಪ್ರತಿಕಾಯವೇ. ಅದರ ಕೆಲಸದ ಒಂದು ಪಾಲು ನಡೆಯುವುದು ಅದರ ಬಾಲವನ್ನು ಎಫ್‌ಸಿ ಗ್ರಾಹಕಗಳು ಹಿಡಿದಾಗ, ಇದೇ ಗ್ಯಾಮಾ ಸರಪಳಿಯ ಮೂಲಕ.